ಅಮೆರಿಕದಲ್ಲಿ ಮೆಡಿಕಲ್ ಬಿಲ್ಲಿಂಗ್, ಕೋಡಿಂಗ್: ಕಲಿಕೆ, ಪರೀಕ್ಷೆ ಮತ್ತು ಮೊದಲ ಕೆಲಸ

‘ನಾಲ್ಕೇ ತಿಂಗಳ ಕೋರ್ಸು, ಆಮೇಲೆ ಮನೆಯಿಂದಲೇ ಕೆಲಸ’ ಎನ್ನುವ ಜಾಹೀರಾತು ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕೋರ್ಸಿನ ಮಾತು ಹೆಚ್ಚುಕಡಿಮೆ ನಿಜ. ಮನೆಯಿಂದ ಕೆಲಸ ಸಿಗುವುದು ಮಾತ್ರ ಎರಡು ಮೂರು ವರ್ಷ ಪಳಗಿದವರಿಗೆ. ಹೊಸದಾಗಿ ಪಾಸಾದವರನ್ನು ಯಾವ ಆಸ್ಪತ್ರೆಯೂ ಕರೆದು ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸುವುದಿಲ್ಲ. ಹಾಗೆಂದು ಕ್ಷೇತ್ರವೇನೂ ಕೆಟ್ಟದ್ದಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಂತೆ ಮೆಡಿಕಲ್ ರೆಕಾರ್ಡ್ಸ್ ಕೆಲಸಗಾರರ ಮಧ್ಯಮ ಸಂಬಳ ವರ್ಷಕ್ಕೆ 48,780 ಡಾಲರ್. ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಪಡೆಯುತ್ತಾರೆ, ಇನ್ನರ್ಧ ಕಡಿಮೆ. ಹೊಸಬರು ಆ ಎರಡನೇ ಗುಂಪಿನಲ್ಲಿರುತ್ತಾರೆ ಎಂದೇ ಲೆಕ್ಕ ಹಾಕಿಕೊಳ್ಳಿ.

ಫೀಸು ಕಟ್ಟುವ ಮೊದಲು ವೀಸಾ ನೋಡಿ

ಎಚ್-4 ವೀಸಾದಲ್ಲಿ (ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಸಿಗುವುದು) ಇರುವವರು ಓದಬಹುದು, ಪರೀಕ್ಷೆ ಬರೆಯಬಹುದು, ಸರ್ಟಿಫಿಕೇಟನ್ನೂ ಪಡೆಯಬಹುದು. ದುಡಿಯಲು ಮಾತ್ರ ಇಎಡಿ ಎಂಬ ಕೆಲಸದ ಪರವಾನಗಿ ಕಾರ್ಡ್ ಬೇಕು. 2015ರ ಮೇ ತಿಂಗಳಿಂದ ಜಾರಿಯಲ್ಲಿರುವ ನಿಯಮದಂತೆ ಎಚ್-1ಬಿ ಸಂಗಾತಿಯ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ, ಅಥವಾ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಆಧಾರದ ಮೇಲೆ ಅವರ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿದ್ದರೆ, ಐ-765 ಅರ್ಜಿ ಹಾಕಿ ಈ ಕಾರ್ಡ್ ಪಡೆಯಬಹುದು. ನವೀಕರಣಕ್ಕೆ ಅರ್ಜಿ ಹಾಕಿದರೆ ಹಳೆಯ ಕಾರ್ಡ್ ತಾನಾಗಿ ಮುಂದುವರಿಯುತ್ತಿದ್ದ ಸೌಲಭ್ಯ 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಇಲ್ಲ. ಕಾರ್ಡಿನ ಗಡುವು ಮುಗಿದ ದಿನವೇ ಕೆಲಸ ನಿಲ್ಲಿಸಬೇಕಾಗುತ್ತದೆ. ಎಲ್-1 ಉದ್ಯೋಗಿಗಳ ಸಂಗಾತಿಗಳಿಗೆ, ಅಂದರೆ ಎಲ್-2ನವರಿಗೆ, ಇಷ್ಟು ತಾಪತ್ರಯವಿಲ್ಲ. ದೇಶದೊಳಗೆ ಬಂದ ದಾಖಲೆಯಾದ ಐ-94ರಲ್ಲಿ ‘ಎಲ್-2ಎಸ್’ ಎಂದಿದ್ದರೆ ಬೇರೆ ಕಾರ್ಡ್ ಇಲ್ಲದೆಯೇ ಕೆಲಸಕ್ಕೆ ಸೇರಬಹುದು.

ಜನ ಎಡವುವುದು ಎರಡು ಕಡೆ. ಕೆಲವು ಕಾಲೇಜುಗಳ ಕೋರ್ಸಿನಲ್ಲಿ ಸಂಬಳವಿಲ್ಲದ ಎಕ್ಸ್‌ಟರ್ನ್‌ಶಿಪ್ (ಕೆಲಸದ ಜಾಗದಲ್ಲೇ ತರಬೇತಿ) ಇರುತ್ತದೆ. ‘ಸಂಬಳವೇ ಇಲ್ಲವಲ್ಲ’ ಎಂದು ಇಎಡಿ ಇಲ್ಲದೆ ಒಪ್ಪಿಕೊಳ್ಳಬೇಡಿ. ಹಾಗೆಯೇ ಇಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡಿಂಗ್ ಮಾಡಿಕೊಟ್ಟು, ಸಂಬಳ ಅಲ್ಲಿನ ಖಾತೆಗೆ ಹಾಕಿಸಿಕೊಂಡರೆ ತೊಂದರೆಯಿಲ್ಲ ಎಂಬ ಸಲಹೆಯೂ ಓಡಾಡುತ್ತದೆ. ಎರಡಕ್ಕೂ ಇಮಿಗ್ರೇಶನ್ ವಕೀಲರನ್ನು ಕೇಳದೆ ಕೈಹಾಕಬಾರದು. ಗ್ರೀನ್ ಕಾರ್ಡ್ ಅರ್ಜಿಯ ಹೊತ್ತಿಗೆ ಈ ಸಂಗತಿಗಳೇ ಎದುರಾಗುತ್ತವೆ.

ಕೋಡರ್ ಯಾರು, ಬಿಲ್ಲರ್ ಯಾರು

ಡಾಕ್ಟರು ಬರೆದ ನೋಟ್ ಓದಿ ಕಾಯಿಲೆಗೂ ಚಿಕಿತ್ಸೆಗೂ ಕೋಡ್ ಹಾಕುವವರು ಕೋಡರ್. ಆ ಕೋಡುಗಳನ್ನು ಕ್ಲೇಮಾಗಿ ಇನ್ಶೂರೆನ್ಸ್ ಕಂಪನಿಗೆ ಕಳಿಸಿ, ಬಂದ ಹಣ ಜಮಾ ಮಾಡಿ, ಬಾರದ್ದಕ್ಕೆ ಬೆನ್ನು ಬೀಳುವವರು ಬಿಲ್ಲರ್. ದೊಡ್ಡ ಆಸ್ಪತ್ರೆಯಲ್ಲಿ ಇವು ಬೇರೆ ಬೇರೆ ವಿಭಾಗ. ಇಬ್ಬರು ಡಾಕ್ಟರಿರುವ ಕ್ಲಿನಿಕ್ಕಿನಲ್ಲಿ ಒಬ್ಬರೇ ಎರಡನ್ನೂ ಮಾಡುತ್ತಾರೆ, ನಡುವೆ ಫೋನನ್ನೂ ಎತ್ತುತ್ತಾರೆ.

ಊರಲ್ಲಿ ನರ್ಸಿಂಗ್, ಬಿಎಎಂಎಸ್, ಫಾರ್ಮಸಿ ಓದಿದವರಿಗೆ ಕೋಡಿಂಗ್ ಬೇಗ ಹತ್ತುತ್ತದೆ, ಅನಾಟಮಿ ಅವರಿಗೆ ಹೊಸದಲ್ಲ. ಬಿಕಾಂ ಓದಿ ಲೆಕ್ಕಪತ್ರ ನೋಡಿದವರಿಗೆ ಬಿಲ್ಲಿಂಗ್ ಹೆಚ್ಚು ಒಗ್ಗುತ್ತದೆ, ಅದಕ್ಕೆ ಅನಾಟಮಿ ಇಷ್ಟು ಬೇಕಿಲ್ಲ. ಎಲ್ಲರೂ ಕೋಡಿಂಗ್ ಪರೀಕ್ಷೆಗೇ ಮುಗಿಬೀಳುವುದು ಏಕೋ ಗೊತ್ತಿಲ್ಲ.

ಸರ್ಟಿಫಿಕೇಟ್ ಕೊಡುವ ದೊಡ್ಡ ಸಂಸ್ಥೆಗಳು ಎರಡು. ಎಎಪಿಸಿಯ ಸಿಪಿಸಿ (ಸರ್ಟಿಫೈಡ್ ಪ್ರೊಫೆಷನಲ್ ಕೋಡರ್) ಪರೀಕ್ಷೆ ಡಾಕ್ಟರ ಕ್ಲಿನಿಕ್ಕು ಮತ್ತು ಹೊರರೋಗಿ ಸೇವೆಗಳಿಗೆ ಸಂಬಂಧಪಟ್ಟದ್ದು. ಇಂಥದೇ ಡಿಗ್ರಿ ಇರಬೇಕೆಂಬ ಕಡ್ಡಾಯವಿಲ್ಲ. ಎಎಚ್‌ಐಎಂಎ ಸಂಸ್ಥೆಯ ಸಿಸಿಎಸ್ ಆಸ್ಪತ್ರೆಯ ಒಳರೋಗಿ ಕೋಡಿಂಗನ್ನೂ ಒಳಗೊಳ್ಳುತ್ತದೆ, ಮೊದಲ ಪರೀಕ್ಷೆಯಾಗಿ ಅದು ಭಾರ. ಅದೇ ಸಂಸ್ಥೆಯ ಆರ್‌ಎಚ್‌ಐಟಿಗೆ ಮಾನ್ಯತೆ ಇರುವ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಬೇಕು. ಹೆಚ್ಚಿನವರಿಗೆ ಸಿಪಿಸಿಯಿಂದ ಶುರು ಮಾಡುವುದೇ ಸರಿ. ಎಲ್ಲಿ ಕಲಿಯಬೇಕು ಎಂದರೆ, ಹತ್ತಿರದ ಕಮ್ಯುನಿಟಿ ಕಾಲೇಜು ಅಥವಾ ನೇರವಾಗಿ ಎಎಪಿಸಿಯ ಆನ್‌ಲೈನ್ ಕೋರ್ಸು. ಕಾಲೇಜಾದರೆ ಎಚ್-4ನವರಿಗೆ ಆ ರಾಜ್ಯದ ನಿವಾಸಿಗಳ ದರ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಫೆಡರಲ್ ಸಾಲ, ಅನುದಾನ ಈ ವೀಸಾಗಳಿಗೆ ಇಲ್ಲ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದು ಸಾವಿರಾರು ಡಾಲರ್ ಕೇಳುವ ಖಾಸಗಿ ಕ್ಲಾಸುಗಳನ್ನು ದೂರ ಇಡಿ. ಕೆಲಸ ಕೊಡುವವರು ನೋಡುವುದು ಸಿಪಿಸಿ ಇದೆಯೇ ಎಂದು, ಎಲ್ಲಿ ಕಲಿತಿರಿ ಎಂದಲ್ಲ.

ಮೂರು ಪುಸ್ತಕ, ಒಂದು ನೋಟ್

ಕೋಡುಗಳಿರುವುದು ಮೂರು ಪುಸ್ತಕಗಳಲ್ಲಿ: ಕಾಯಿಲೆಗಳಿಗೆ ಐಸಿಡಿ-10-ಸಿಎಂ, ಡಾಕ್ಟರು ಮಾಡಿದ ಕೆಲಸಕ್ಕೆ ಸಿಪಿಟಿ, ಔಷಧ ಮತ್ತು ಸಲಕರಣೆಗಳಿಗೆ ಎಚ್‌ಸಿಪಿಸಿಎಸ್. ಅಮೆರಿಕ ಐಸಿಡಿ-10ಕ್ಕೆ ಬದಲಾದದ್ದು 2015ರ ಅಕ್ಟೋಬರ್ 1ರಂದು. ಈಗಲೂ ಕಾಯಿಲೆಯ ಹೊಸ ಕೋಡುಗಳು ಪ್ರತಿ ಅಕ್ಟೋಬರ್ 1ಕ್ಕೆ, ಸಿಪಿಟಿಯವು ಜನವರಿ 1ಕ್ಕೆ ಜಾರಿಗೆ ಬರುತ್ತವೆ. ಆದ್ದರಿಂದ ಯಾರೋ ಬಿಟ್ಟುಕೊಟ್ಟ ಹಳೆಯ ಪುಸ್ತಕ ಅಭ್ಯಾಸಕ್ಕೆ ಸಾಕು, ಪರೀಕ್ಷೆಗೆ ಆಗದು. ಸಿಪಿಟಿ ಪುಸ್ತಕ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ ಪ್ರಕಟಿಸಿದ ಪ್ರೊಫೆಷನಲ್ ಆವೃತ್ತಿಯೇ ಆಗಿರಬೇಕು.

ಕೆಲಸ ಹೇಗಿರುತ್ತದೆ ಎನ್ನಲು ಒಂದು ನೋಟ್ ನೋಡೋಣ. ಹಳೆಯ ರೋಗಿ. ಟೈಪ್ 2 ಡಯಾಬಿಟಿಸ್, ಬಿಪಿ, ಮೂತ್ರಪಿಂಡದ ಕಾಯಿಲೆ 3ಬಿ ಹಂತದಲ್ಲಿ. ಎಲ್ಲವೂ ಹತೋಟಿಯಲ್ಲಿವೆ. ಮೆಟ್‌ಫಾರ್ಮಿನ್ ಮತ್ತು ಬಿಪಿ ಮಾತ್ರೆ ಮುಂದುವರಿಸಲು ಡಾಕ್ಟರು ಬರೆದುಕೊಟ್ಟಿದ್ದಾರೆ. ಅದೇ ದಿನ, ಬಲಗಿವಿಯಲ್ಲಿ ಗಟ್ಟಿಕಟ್ಟಿದ ಗುಗ್ಗೆಯನ್ನು ಉಪಕರಣ ಹಾಕಿ ತೆಗೆದಿದ್ದಾರೆ.

ಹೊಸಬರು ಡಯಾಬಿಟಿಸ್‌ಗೆ ಇ11.9, ಬಿಪಿಗೆ ಐ10 ಬರೆದು ಮುಂದೆ ಹೋಗುತ್ತಾರೆ. ಎರಡೂ ತಪ್ಪು. ಡಯಾಬಿಟಿಸ್ ಜೊತೆ ಮೂತ್ರಪಿಂಡದ ಕಾಯಿಲೆ ಇದ್ದರೆ, ಸಂಬಂಧವಿಲ್ಲ ಎಂದು ಡಾಕ್ಟರೇ ಬರೆಯದ ಹೊರತು, ಎರಡಕ್ಕೂ ನಂಟಿದೆ ಎಂದೇ ಹಿಡಿಯಬೇಕು ಎನ್ನುತ್ತದೆ ನಿಯಮ. ಬಿಪಿಗೂ ಅದೇ. ಹಾಗಾಗಿ ಸರಿಯಾದದ್ದು ಡಯಾಬಿಟಿಸ್‌ಗೆ ಇ11.22, ಬಿಪಿಗೆ ಐ12.9, ಮೂತ್ರಪಿಂಡಕ್ಕೆ ಎನ್18.32, ಮೆಟ್‌ಫಾರ್ಮಿನ್ ದೀರ್ಘಕಾಲ ನಡೆದಿರುವುದಕ್ಕೆ ಝಡ್79.84; ಕಿವಿಗೆ ಎಚ್61.21. ಕೊನೆಯ ಅಂಕಿ 1 ಬಲಗಿವಿ, 2 ಎಡಗಿವಿ. ಅದನ್ನು ಬದಲಿಸಿ ಬರೆದರೆ ಕ್ಲೇಮು ವಾಪಸ್.

ಇನ್ನು ಭೇಟಿಯ ಕೋಡು. ಸ್ಥಿರವಾಗಿರುವ ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆ, ಜೊತೆಗೆ ಔಷಧದ ನಿರ್ಧಾರ. ಇದು ಮಧ್ಯಮ ಮಟ್ಟ, 99214. 2021ರಿಂದ ಈ ಮಟ್ಟವನ್ನು ಡಾಕ್ಟರ ನಿರ್ಧಾರದ ತೂಕ ಅಥವಾ ಆ ದಿನ ಕಳೆದ ಒಟ್ಟು ಸಮಯ, ಎರಡರಲ್ಲೊಂದರ ಮೇಲೆ ನಿಲ್ಲಿಸಬಹುದು. ಹಳೆಯ ಪಾಠದ ವಿಡಿಯೋಗಳಲ್ಲಿ ಇನ್ನೂ ಹಿಂದಿನ ಪದ್ಧತಿಯೇ ಇದೆ, ಎಚ್ಚರ. ಗುಗ್ಗೆ ತೆಗೆದದ್ದಕ್ಕೆ 69210. ಬರೀ ನೀರು ಹಾಯಿಸಿ ತೊಳೆದಿದ್ದರೆ 69209 ಆಗುತ್ತಿತ್ತು. ನೋಟಿನಲ್ಲಿ ‘ಕ್ಯುರೆಟ್’ (ಗುಗ್ಗೆ ಕೆರೆದು ತೆಗೆಯುವ ಉಪಕರಣ) ಎಂಬ ಮಾತು ಇದೆಯೇ ಎಂದು ಹುಡುಕುವುದು ಅದಕ್ಕೇ. ಭೇಟಿಯೂ ಪ್ರೊಸೀಜರೂ ಒಂದೇ ದಿನ ಆದದ್ದರಿಂದ 99214ರ ಪಕ್ಕ ಮಾಡಿಫೈಯರ್ 25 (ಭೇಟಿ ಪ್ರತ್ಯೇಕವಾದದ್ದು ಎಂದು ತಿಳಿಸುವ ಗುರುತು) ಬೇಕು. ಬಿಟ್ಟರೆ ‘ಇದು ಆ ಪ್ರೊಸೀಜರಿನ ಹಣದಲ್ಲೇ ಸೇರಿದೆ’ ಎಂದು ಸಿಒ-97 ಎಂಬ ತಿರಸ್ಕಾರದ ಕೋಡಿನೊಂದಿಗೆ ಭೇಟಿಯ ಹಣ ತಿರಸ್ಕೃತ. ಹಾಗೆಂದು ಎಲ್ಲದಕ್ಕೂ 25 ಅಂಟಿಸುವಂತಿಲ್ಲ. ರೋಗಿ ಕಿವಿಗೆಂದೇ ಬಂದು ಕಿವಿ ತೋರಿಸಿಕೊಂಡು ಹೋಗಿದ್ದರೆ ಪ್ರತ್ಯೇಕ ಭೇಟಿಯೇ ಇಲ್ಲ.

ಕೊನೆಗೆ ಕ್ಲೇಮು ಕಳಿಸುವ ಸಿಎಂಎಸ್-1500 ಫಾರಂ. 21ನೇ ಚೌಕದಲ್ಲಿ 12 ಕಾಯಿಲೆಗಳವರೆಗೆ ಬರೆಯಬಹುದು, ಸೇವೆಗೆ ಆರು ಸಾಲು. ಪ್ರತಿ ಸಾಲೂ ಯಾವ ಕಾಯಿಲೆಗೆ ಸಂಬಂಧಿಸಿದ್ದು ಎಂದು 24ಇ ಚೌಕದಲ್ಲಿ ತೋರಿಸಬೇಕು. ಕಿವಿಯ ಸಾಲಿಗೆ ಡಯಾಬಿಟಿಸ್ ತೋರಿಸಿದರೆ ಕೋಡುಗಳೆಲ್ಲ ಸರಿ ಇದ್ದೂ ಹಣ ಬರುವುದಿಲ್ಲ.

ಊರಿನ ಆಸ್ಪತ್ರೆ ಅಭ್ಯಾಸದಿಂದ ಬಂದವರು ಮತ್ತೆ ಮತ್ತೆ ತಪ್ಪುವ ಇನ್ನೊಂದು ಜಾಗವಿದೆ. ಕ್ಲಿನಿಕ್ಕಿನ ನೋಟಿನಲ್ಲಿ ‘ನ್ಯುಮೋನಿಯಾ ಇರಬಹುದು’ ಎಂದಿದ್ದರೆ ನ್ಯುಮೋನಿಯಾ ಕೋಡ್ ಹಾಕುವಂತಿಲ್ಲ. ಕೆಮ್ಮು, ಜ್ವರ ಎಂದಷ್ಟೇ ಬರೆಯಬೇಕು. ಅದೇ ಮಾತು ಒಳರೋಗಿಯ ಡಿಸ್ಚಾರ್ಜ್ ಸಾರಾಂಶದಲ್ಲಿದ್ದರೆ ಕಾಯಿಲೆ ಇದೆ ಎಂದೇ ಕೋಡ್ ಮಾಡಬೇಕು. ನಿಮಗೆ ವೈದ್ಯಕೀಯ ಜ್ಞಾನ ಎಷ್ಟೇ ಇರಲಿ, ಲ್ಯಾಬ್ ವರದಿ ನೋಡಿ ನೀವೇ ಕಾಯಿಲೆ ಊಹಿಸಬಾರದು. ಅನುಮಾನ ಬಂದರೆ ಡಾಕ್ಟರಿಗೆ ಕ್ವೆರಿ ಕಳಿಸಬೇಕು. ಬಿಎಎಂಎಸ್ ಮಾಡಿದವರಿಗೆ ಇದೇ ಕಷ್ಟ.

ಪರೀಕ್ಷೆ

ಸಿಪಿಸಿಯಲ್ಲಿ 100 ಬಹುಆಯ್ಕೆ ಪ್ರಶ್ನೆ, 4 ಗಂಟೆ, ಪಾಸಿಗೆ 70 ಶೇಕಡಾ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವುದು. ಅದನ್ನು ಕೇಳಿ ಸಡಿಲ ಬಿಟ್ಟವರೇ ಫೇಲಾಗುತ್ತಾರೆ. ಪ್ರಶ್ನೆಗೆ ಎರಡೂವರೆ ನಿಮಿಷವೂ ಸಿಗುವುದಿಲ್ಲ, ಕೊನೆಯ 10 ಪ್ರಶ್ನೆಗಳು ಇಡೀ ಆಪರೇಷನ್ ನೋಟ್ ಓದಿ ಉತ್ತರಿಸುವಂಥವು. ಪುಸ್ತಕದ ಅಂಚಿನಲ್ಲಿ ದಿನನಿತ್ಯದ ಕೋಡಿಂಗಿಗೆ ಬೇಕಾದ ಟಿಪ್ಪಣಿಯನ್ನು ಕೈಯಲ್ಲಿ ಬರೆದುಕೊಳ್ಳಬಹುದು, ಪುಟ ಗುರುತಿಸುವ ಟ್ಯಾಬ್ ಅಂಟಿಸಬಹುದು. ಬಿಡಿ ಹಾಳೆ ಇಡುವಂತಿಲ್ಲ. ಉತ್ತರ ಹುಡುಕುವಾಗ ಮೊದಲು ನಾಲ್ಕು ಆಯ್ಕೆಗಳನ್ನು ಒಂದಕ್ಕೊಂದು ಹೋಲಿಸಿ. ವ್ಯತ್ಯಾಸ ಒಂದು ಮಾಡಿಫೈಯರಿನಲ್ಲೋ ಒಂದೇ ಕೋಡಿನಲ್ಲೋ ಇರುತ್ತದೆ; ಅಷ್ಟನ್ನು ಮಾತ್ರ ಪುಸ್ತಕದಲ್ಲಿ ನೋಡಿದರೆ ಸಾಕು. ಸಿಪಿಟಿಯಲ್ಲಿ ಪ್ರತಿ ವಿಭಾಗದ ಮೊದಲಿಗೆ ಇರುವ ಮಾರ್ಗಸೂಚಿ, ಕೋಡಿನ ಕೆಳಗೆ ಆವರಣದಲ್ಲಿರುವ ಸೂಚನೆ, ಇವುಗಳ ಅಡಿ ಗೆರೆ ಎಳೆದಿಟ್ಟವರಿಗೆ ಸಮಯ ಉಳಿಯುತ್ತದೆ.

ಹೆಸರಿನ ಬಾಲದಲ್ಲಿ ‘ಎ’

ಪಾಸಾದರೂ ಅನುಭವ ಇಲ್ಲದಿದ್ದರೆ ನಿಮಗೆ ಸಿಗುವುದು ಸಿಪಿಸಿ-ಎ, ಅಂದರೆ ಅಪ್ರೆಂಟಿಸ್. ಬಹಳಷ್ಟು ಅರ್ಜಿಗಳು ಬಿದ್ದುಹೋಗುವುದು ಈ ಒಂದಕ್ಷರದಿಂದ. ತೆಗೆಸಲು ಎರಡು ವರ್ಷದ ಕೆಲಸದ ಅನುಭವ ತೋರಿಸಬೇಕು, ಅಥವಾ ಒಂದು ವರ್ಷದ ಅನುಭವದ ಜೊತೆ 80 ಗಂಟೆ ಕೋಡಿಂಗ್ ಪಾಠದ ದಾಖಲೆ. ಎಎಪಿಸಿಯ ಪ್ರಾಕ್ಟಿಕೋಡ್ ಎಂಬ ಆನ್‌ಲೈನ್ ಅಭ್ಯಾಸ ಮುಗಿಸಿದರೆ ಒಂದು ವರ್ಷದ ಅನುಭವಕ್ಕೆ ಸಮ ಎಂದು ಪರಿಗಣಿಸುತ್ತಾರೆ. ಇಎಡಿಗೆ ಕಾಯುತ್ತಿರುವ ಎಚ್-4ನವರಿಗೆ ಇದು ಒಳ್ಳೆಯ ದಾರಿ.

ಬೆಂಗಳೂರಿನಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಕೋಡಿಂಗ್ ಮಾಡುವ ಕಂಪನಿಗಳು ಹಲವಿವೆ. ಅಲ್ಲಿ ದುಡಿದಿದ್ದರೆ, ಹೊರಡುವ ಮೊದಲೇ ಲೆಟರ್‌ಹೆಡ್ ಮೇಲೆ ಪತ್ರ ತೆಗೆದುಕೊಳ್ಳಿ: ಎಂದಿನಿಂದ ಎಂದಿನವರೆಗೆ, ಯಾವ ಸ್ಪೆಷಾಲಿಟಿ, ಯಾವ ಕೋಡುಗಳನ್ನು ಬಳಸಿ. ‘ಪ್ರೊಸೆಸ್ ಅಸೋಸಿಯೇಟ್’ ಎಂದಷ್ಟೇ ಇರುವ ರಿಲೀವಿಂಗ್ ಲೆಟರ್ ಇಲ್ಲಿ ಯಾರಿಗೂ ಅರ್ಥವಾಗದು. ಸರಳ ಕೋಡಿಂಗ್ ಕೆಲಸ ಆ ಕಂಪನಿಗಳಿಗೆ ಹೋಗಿಬಿಟ್ಟಿರುವುದೂ ಅಮೆರಿಕದಲ್ಲಿ ಹೊಸಬರಿಗೆ ಜಾಗ ಕಡಿಮೆಯಾಗಲು ಒಂದು ಕಾರಣ.

ಹಾಗಾಗಿ ಕೋಡರ್ ಹುದ್ದೆಗೆ ಮಾತ್ರ ಅರ್ಜಿ ಹಾಕುತ್ತ ಕೂರಬೇಡಿ. ಪೇಮೆಂಟ್ ಪೋಸ್ಟಿಂಗ್, ಚಾರ್ಜ್ ಎಂಟ್ರಿ, ಇನ್ಶೂರೆನ್ಸ್ ವೆರಿಫಿಕೇಶನ್, ಪ್ರಯರ್ ಆಥರೈಸೇಶನ್ (ಚಿಕಿತ್ಸೆಗೆ ಮೊದಲೇ ಇನ್ಶೂರೆನ್ಸಿನ ಒಪ್ಪಿಗೆ ಪಡೆಯುವುದು), ಎಆರ್ ಫಾಲೋಅಪ್ (ಬಾಕಿ ಹಣದ ಬೆನ್ನು ಬೀಳುವುದು) ಎಂಬ ಹೆಸರುಗಳಲ್ಲಿ ಹುಡುಕಿ. ಸಂಬಳ ಕಡಿಮೆ, ಫೋನಿನಲ್ಲಿ ಇನ್ಶೂರೆನ್ಸಿನವರ ಜೊತೆ ಮುಕ್ಕಾಲು ಗಂಟೆ ಕಾಯುವುದೂ ಇರುತ್ತದೆ, ಆದರೆ ಬಾಗಿಲು ತೆರೆಯುವುದು ಅಲ್ಲೇ. ಸಣ್ಣ ಕ್ಲಿನಿಕ್ ನಡೆಸುವ ಡಾಕ್ಟರುಗಳನ್ನು ನೇರವಾಗಿ ಕೇಳಿ. ಎಎಪಿಸಿಯ ಸ್ಥಳೀಯ ಚಾಪ್ಟರಿನ ಸಭೆಗಳಿಗೆ ಹೋಗಿ. ಜಾಹೀರಾತಾಗುವ ಮೊದಲೇ ಖಾಲಿ ಜಾಗದ ಸುದ್ದಿ ಸಿಗುವುದು ಅಲ್ಲಿ.

ಸಂದರ್ಶನದಲ್ಲಿ ತಿರಸ್ಕೃತ ಕ್ಲೇಮುಗಳ ಬಗ್ಗೆ ಕೇಳಿಯೇ ಕೇಳುತ್ತಾರೆ. ಸಿಒ-16 ಎಂದರೆ ಮಾಹಿತಿ ಕಡಿಮೆಯಿದೆ, ತುಂಬಿಸಿ ಮತ್ತೆ ಕಳಿಸಬಹುದು. ಸಿಒ-50 ಎಂದರೆ ಈ ಕಾಯಿಲೆಗೆ ಈ ಚಿಕಿತ್ಸೆ ಅಗತ್ಯವಿರಲಿಲ್ಲ ಎಂಬ ತಕರಾರು. ದಾಖಲೆ ಸಮೇತ ಅಪೀಲು ಹೋಗಬೇಕು. ಸಿಒ-29 ಗಡುವು ಮೀರಿದ್ದು. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಸೇವೆ ಕೊಟ್ಟ ದಿನದಿಂದ ಒಂದು ವರ್ಷ ಕೊಡುತ್ತದೆ, ಖಾಸಗಿ ಕಂಪನಿಗಳ ಗಡುವು ಒಪ್ಪಂದದಂತೆ, ಎಷ್ಟೋ ಕಡೆ ಕೆಲವೇ ತಿಂಗಳು. ‘ಸಿಒ’ ಎಂದಿರುವ ಮೊತ್ತವನ್ನು ರೋಗಿಯಿಂದ ವಸೂಲು ಮಾಡುವಂತಿಲ್ಲ; ‘ಪಿಆರ್’ ಎಂದಿದ್ದರೆ ಅದು ರೋಗಿಯ ಪಾಲು, ಪಿಆರ್-1 ಅವರ ಡಿಡಕ್ಟಿಬಲ್ (ವಿಮೆ ಕೊಡಲು ಶುರು ಮಾಡುವ ಮೊದಲು ರೋಗಿಯೇ ಕಟ್ಟಬೇಕಾದ ಮೊತ್ತ). ಈ ವ್ಯತ್ಯಾಸ ತಟ್ಟನೆ ಹೇಳಬಲ್ಲ ಅಭ್ಯರ್ಥಿಗೆ ಅನುಭವ ಇಲ್ಲದಿದ್ದರೂ ಕೆಲಸ ಗೊತ್ತಿದೆ ಎಂದು ಅವರಿಗೆ ತಿಳಿಯುತ್ತದೆ.

ಕೆಲಸ ಸಿಕ್ಕ ಮೇಲೆ ಎರಡು ಎಚ್ಚರ. ಡಾಕ್ಟರು ಅಥವಾ ಮ್ಯಾನೇಜರು ‘99214 ಎಲ್ಲದಕ್ಕೂ ಹಾಕಿಬಿಡಿ’ ಎಂದರೆ ಒಪ್ಪಬೇಡಿ. ಮಾಡದ ಕೆಲಸಕ್ಕೆ ಮೆಡಿಕೇರಿನಿಂದ ಹಣ ಎಳೆಯುವುದು ಫಾಲ್ಸ್ ಕ್ಲೇಮ್ಸ್ ಆಕ್ಟ್ ಅಡಿ ಬರುತ್ತದೆ, ಗೊತ್ತಿದ್ದೂ ಕೋಡ್ ಹಾಕಿದವರೂ ಸಿಕ್ಕಿಬೀಳಬಹುದು. ಇನ್ನೊಂದು ರೋಗಿಯ ಮಾಹಿತಿ ಗುಟ್ಟಾಗಿಡಬೇಕೆನ್ನುವ ಎಚ್‌ಐಪಿಎಎ ಕಾನೂನು: ಅನುಮಾನ ಬಂದ ಚಾರ್ಟಿನ ಫೋಟೋ ತೆಗೆದು ‘ಇದಕ್ಕೆ ಯಾವ ಕೋಡ್?’ ಎಂದು ಸ್ಟಡಿ ಗುಂಪಿಗೆ ಹಾಕಿದರೆ, ರೋಗಿಯ ಹೆಸರು ಮೂಲೆಯಲ್ಲಿ ಸಣ್ಣಗೆ ಕಂಡರೂ ಕೆಲಸ ಹೋಗಬಹುದು. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ, ಹೆಸರು, ಜನ್ಮದಿನಾಂಕ, ಭೇಟಿಯ ದಿನ ಯಾವುದೂ ಇಲ್ಲದಂತೆ ಬರೆದು ಕೇಳಿ.

ಸಿಪಿಸಿ ಉಳಿಸಿಕೊಳ್ಳಲು ಸದಸ್ಯತ್ವದ ಶುಲ್ಕ ಕಟ್ಟುತ್ತಿರಬೇಕು, ಎರಡು ವರ್ಷಕ್ಕೆ 36 ಸಿಇಯು (ಮುಂದುವರಿದ ಕಲಿಕೆಯ) ಅಂಕ ಸೇರಿಸಬೇಕು. ಚಾಪ್ಟರ್ ಸಭೆಗಳಲ್ಲಿ ಅವು ಅಗ್ಗವಾಗಿ, ಕೆಲವೊಮ್ಮೆ ಪುಕ್ಕಟೆಯಾಗಿ ಸಿಗುತ್ತವೆ. ಕೊನೆಯ ತಿಂಗಳಿಗೆ ಇಟ್ಟುಕೊಂಡವರು ದುಡ್ಡು ಕೊಟ್ಟು ಕೊಳ್ಳುತ್ತಾರೆ.