ನ್ಯಾಯಾಲಯ ಸಿಬ್ಬಂದಿಯ ಇಲಾಖಾ ವಿಚಾರಣೆ: ಕೆಲಸ ಕೆಡುವುದು ದೋಷಾರೋಪಣೆ ಪಟ್ಟಿಯಲ್ಲೇ

ಜಿಲ್ಲಾ ನ್ಯಾಯಾಲಯಗಳ ನೌಕರರ ಮೇಲಿನ ವಿಚಾರಣೆ ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರ ಪ್ರಕಾರವೇ ನಡೆಯುತ್ತದೆ. ವಿಚಾರಣಾಧಿಕಾರಿಯಾಗಿ ಕಡತ ಕೈಗೆ ಬಂದ ಕೂಡಲೇ ನಾನು ಮೊದಲು ಓದುವುದು ದೂರನ್ನಲ್ಲ, ನೌಕರನ ಮೇಲಿನ ಆರೋಪಗಳನ್ನು ಬರೆದುಕೊಟ್ಟ ದೋಷಾರೋಪಣೆ ಪಟ್ಟಿಯನ್ನು. ಅದು ಸಡಿಲವಾಗಿದ್ದರೆ ಮುಂದೆ ಎಷ್ಟು ಸಾಕ್ಷಿ ಬಂದರೂ ಪ್ರಯೋಜನ ಅಷ್ಟಕ್ಕಷ್ಟೇ.

ಸಮನ್ಸ್ ಜಾರಿಯ ಸುಳ್ಳು ವರದಿಯನ್ನೇ, ಅಂದರೆ ತಲುಪಿಸದ ಸಮನ್ಸನ್ನು ತಲುಪಿಸಿದ್ದಾಗಿ ನೌಕರ ಬರೆಯುವುದನ್ನೇ, ತೆಗೆದುಕೊಳ್ಳೋಣ. ‘ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿ ನೌಕರನಿಗೆ ತಕ್ಕದ್ದಲ್ಲದ ರೀತಿಯಲ್ಲಿ ವರ್ತಿಸಿದ್ದೀರಿ’ ಎಂದು ಬರೆದರೆ ನೌಕರ ಯಾವುದಕ್ಕೆ ಉತ್ತರ ಕೊಡಬೇಕು? ಮೂಲ ದಾವೆಯ ಸಂಖ್ಯೆ, ಎಷ್ಟನೇ ಪ್ರತಿವಾದಿ, ಯಾವ ಊರು, ಶರಾದಲ್ಲಿ (ಜಾರಿಯ ಬಗ್ಗೆ ನೌಕರ ಬರೆಯುವ ಟಿಪ್ಪಣಿಯಲ್ಲಿ) ಬರೆದ ದಿನಾಂಕ ಮತ್ತು ಹೊತ್ತು, ಅದರಲ್ಲಿ ಯಾವ ಮಾತು ಸುಳ್ಳು, ಇಷ್ಟೂ ಆರೋಪದಲ್ಲೇ ಇರಬೇಕು. ಜೊತೆಗೆ ಆರೋಪದ ವಿವರಣೆ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ. ಪಟ್ಟಿಯಲ್ಲಿರುವ ಪ್ರತಿ ದಾಖಲೆಯ ನಕಲನ್ನು ಕೊಟ್ಟು ಸ್ವೀಕೃತಿಗೆ ಸಹಿ ಪಡೆದಿರಬೇಕು. ‘ಕಚೇರಿಗೆ ಬಂದು ನೋಡಿಕೊಳ್ಳಲಿ’ ಎನ್ನುವ ಹಳೇ ಚಾಳಿ ಬೇಡ. ದಾಖಲೆ ಸಿಗದೆ ರಕ್ಷಣೆಗೆ ತೊಂದರೆಯಾಯಿತೆಂದು ತೋರಿಸಿದರೆ ಇಡೀ ಆದೇಶವೇ ಬೀಳುತ್ತದೆ.

ಬಾಗಿಲಿಗೆ ಅಂಟಿಸಿದ ಸಮನ್ಸಿನ ಶರಾ ಹೇಗಿರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 17ನೇ ನಿಯಮ ಹೇಳುತ್ತದೆ: ಅಂಟಿಸಿದ ಸಂಗತಿ, ಅಂಟಿಸಬೇಕಾಗಿ ಬಂದ ಸಂದರ್ಭ, ಮನೆ ತೋರಿಸಿದವರು ಮತ್ತು ಎದುರಿಗಿದ್ದವರು ಯಾರಾದರೂ ಇದ್ದರೆ ಅವರ ಹೆಸರು ವಿಳಾಸ. ‘ಮನೆಗೆ ಬೀಗ, ಬಾಗಿಲಿಗೆ ಅಂಟಿಸಿದೆ’ ಎಂಬ ಒಂದೇ ಸಾಲಿನ ಶರಾ ಕಂಡರೆ ಅನುಮಾನ ಸಹಜ, ಆದರೆ ಅನುಮಾನ ಪುರಾವೆಯಾಗುವುದಿಲ್ಲ. ಪುರಾವೆ ಇರುವುದು ಸಮನ್ಸ್ ಜಾರಿಯನ್ನು ನೋಡಿಕೊಳ್ಳುವ ನಾಜರ್ ಶಾಖೆಯ ಕಪಾಟಿನಲ್ಲಿ. ಪ್ರೋಸೆಸ್ ರಿಜಿಸ್ಟರ್, ಹಾಜರಾತಿ ಪುಸ್ತಕ, ಪ್ರಯಾಣ ಭತ್ಯೆಯ ಬಿಲ್ಲು, ಅದೇ ದಿನ ಅದೇ ನೌಕರ ಜಾರಿ ಮಾಡಿದ ಉಳಿದ ಸಮನ್ಸುಗಳು, ಇವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ತಾಲ್ಲೂಕಿನ ಎರಡು ತುದಿಯ ಹಳ್ಳಿಗಳಲ್ಲಿ ಬೆಳಿಗ್ಗೆ 11 ಗಂಟೆಗೇ ಎರಡು ಬಾಗಿಲಿಗೆ ಅಂಟಿಸಿದ್ದಾಗಿ ಒಂದೇ ಕೈಬರಹದ ಶರಾ ಇದ್ದರೆ, ಅದು ಹತ್ತು ಸಾಕ್ಷಿಗಳಿಗಿಂತ ಗಟ್ಟಿ. ಶರಾದಲ್ಲಿ ಹೆಸರಿರುವ ನೆರೆಮನೆಯವರನ್ನು ಕರೆಸಲೇಬೇಕು. ‘ಆ ಸಹಿ ನನ್ನದಲ್ಲ’ ಎಂದು ಅವರು ಪ್ರಾಥಮಿಕ ವಿಚಾರಣೆಯಲ್ಲಿ ಬರೆದುಕೊಟ್ಟಿದ್ದರೆ ಸಾಲದು, ನನ್ನ ಮುಂದೆ ಬಂದು ಹೇಳಿ ಪಾಟೀ ಸವಾಲಿಗೆ ನಿಲ್ಲಬೇಕು. ದಾಖಲೆಯನ್ನು ಹಾಜರುಪಡಿಸಿದ ಮಾತ್ರಕ್ಕೆ ಅದರೊಳಗಿನ ವಿಷಯ ರುಜುವಾತಾಗದು ಎಂದು ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ (2009) ಸುಪ್ರೀಂ ಕೋರ್ಟ್ ಹೇಳಿದೆ.

ನ್ಯಾಯಾಲಯಗಳಿಗೇ ವಿಶೇಷವಾದ ತೊಡಕು ಒಂದಿದೆ. ಇಲ್ಲಿ ತಪ್ಪನ್ನು ವರದಿ ಮಾಡಿದವರು ಬಹುತೇಕ ಪೀಠಾಸೀನ ಅಧಿಕಾರಿಯೇ, ಅಂದರೆ ಆ ನ್ಯಾಯಾಲಯದ ನ್ಯಾಯಾಧೀಶರೇ. ‘ಸಾಹೇಬರೇ ಬರೆದಿದ್ದಾರಲ್ಲ, ಇನ್ನೇನು ಬೇಕು’ ಎಂದು ಮಂಡನಾಧಿಕಾರಿ (ಇಲಾಖೆಯ ಪರವಾಗಿ ಆರೋಪ ಮಂಡಿಸುವವರು) ಅವರನ್ನು ಸಾಕ್ಷಿ ಪಟ್ಟಿಗೇ ಸೇರಿಸಿರುವುದಿಲ್ಲ. ಅವರು ಕಣ್ಣಾರೆ ಕಂಡದ್ದೇ ಆರೋಪದ ಆಧಾರವಾಗಿದ್ದರೆ ಅವರ ಸಾಕ್ಷ್ಯವಿಲ್ಲದೆ ಆರೋಪ ನಿಲ್ಲದು. ಕೆಳಗಿನ ನೌಕರನ ರಕ್ಷಣಾ ಸಹಾಯಕನಿಂದ ಪ್ರಶ್ನೆ ಕೇಳಿಸಿಕೊಳ್ಳುವುದು ನ್ಯಾಯಾಧೀಶರಿಗೆ ಮುಜುಗರ ಎನ್ನುವುದು ನಿಜ, ಆದರೆ ಮುಜುಗರಕ್ಕೆ ನಿಯಮದಲ್ಲಿ ವಿನಾಯಿತಿ ಇಲ್ಲ. ವರದಿ ಮಾಡಿದ ಅಧಿಕಾರಿಯನ್ನೇ ವಿಚಾರಣಾಧಿಕಾರಿ ಮಾಡುವುದಂತೂ ಸಲ್ಲದು.

ಇನ್ನೊಂದು ಅಪಾಯ ನಮ್ಮ ಅಭ್ಯಾಸದ್ದೇ. ದಿನವಿಡೀ ಕ್ರಿಮಿನಲ್ ಪ್ರಕರಣ ನೋಡುವವರು ಇಲ್ಲಿಯೂ ‘ಸಂಶಯಾತೀತವಾಗಿ’ ಎಂದು ಬರೆದುಬಿಡುತ್ತಾರೆ. ಇಲಾಖಾ ವಿಚಾರಣೆಗೆ ಬೇಕಾದ ಅಳತೆ ಸಂಭವನೀಯತೆಗಳ ಪ್ರಾಬಲ್ಯ, ಅಂದರೆ ಆರೋಪ ನಿಜವಿರುವ ಸಾಧ್ಯತೆಯೇ ಹೆಚ್ಚು ಎಂದು ಕಂಡರೆ ಸಾಕು, ಅಷ್ಟೆ. ಹಾಗೆಂದು ಮಂಡನಾಧಿಕಾರಿ ಸುಮ್ಮನೆ ಕೂತಾಗ ಸಾಕ್ಷಿಯನ್ನು ನಾವೇ ಜಗ್ಗಾಡಬಾರದು. ಎರಡೂ ಕಡೆಯ ಪ್ರಶ್ನೆ ಮುಗಿದ ಮೇಲೆ ಸ್ಪಷ್ಟೀಕರಣಕ್ಕೆ ಒಂದೆರಡು ಕೇಳಿದರೆ ಸಾಕು. ಆಪಾದಿತ ನೌಕರ ತಾನು ಸಾಕ್ಷಿ ನುಡಿಯದಿದ್ದರೆ, ಅವನ ವಿರುದ್ಧ ಬಂದ ಸಂಗತಿಗಳ ಬಗ್ಗೆ ಅವನನ್ನು ಪ್ರಶ್ನಿಸುವುದು 1957ರ ನಿಯಮಗಳ 11ನೇ ನಿಯಮದಡಿ ಕಡ್ಡಾಯ. ಬಹಳ ಕಡತಗಳಲ್ಲಿ ಈ ಪುಟವೇ ಇರುವುದಿಲ್ಲ. ಗೈರುಹಾಜರಾದ ನೌಕರನ ವಿಚಾರಣೆಯನ್ನು ಏಕಪಕ್ಷೀಯವಾಗಿ ನಡೆಸಬಹುದು, ಆದರೆ ಆಗಲೂ ಸಾಕ್ಷಿ ದಾಖಲಾಗಲೇಬೇಕು. ವಿಚಾರಣಾಧಿಕಾರಿಗೆ ವರ್ಗವಾದರೆ ಹೊಸಬರು ಮೊದಲಿನಿಂದ ಶುರು ಮಾಡಬೇಕಿಲ್ಲ, ದಾಖಲಾದ ಸಾಕ್ಷ್ಯದ ಮೇಲೆ ಮುಂದುವರಿಸಬಹುದು.

ವರದಿಯಲ್ಲಿ ಪ್ರತಿ ಆರೋಪಕ್ಕೂ ಬೇರೆಯಾಗಿ ‘ರುಜುವಾತಾಗಿದೆ’ ಅಥವಾ ‘ಆಗಿಲ್ಲ’ ಎಂದು ಕಾರಣ ಸಹಿತ ಬರೆದು ನಿಲ್ಲಿಸುತ್ತೇನೆ. ದಂಡನೆಯ ಶಿಫಾರಸು ನನ್ನ ಕೆಲಸವಲ್ಲ. ವರದಿಯ ಪ್ರತಿಯನ್ನು ನೌಕರನಿಗೆ ಕೊಟ್ಟು ಅವನ ಹೇಳಿಕೆ ಪಡೆಯದೆ ಶಿಸ್ತು ಪ್ರಾಧಿಕಾರ (ದಂಡನೆ ವಿಧಿಸುವವರು, ಇಲ್ಲಿ ಜಿಲ್ಲಾ ನ್ಯಾಯಾಧೀಶರು) ತೀರ್ಮಾನಕ್ಕೆ ಬರುವಂತಿಲ್ಲ, ಇದು ಬಿ. ಕರುಣಾಕರ್ ಪ್ರಕರಣದಿಂದ (1993) ಗಟ್ಟಿಯಾದ ನಿಯಮ. ನನ್ನ ವರದಿಯನ್ನು ಜಿಲ್ಲಾ ನ್ಯಾಯಾಧೀಶರು ಒಪ್ಪದಿದ್ದರೆ, ಒಪ್ಪದ ಕಾರಣಗಳನ್ನೂ ಮೊದಲೇ ತಿಳಿಸಿ ಉತ್ತರ ಕೇಳಬೇಕು.

ಚಿಕ್ಕ ತಪ್ಪಿಗೆ ಇಷ್ಟೆಲ್ಲ ಬೇಡ. ತಡವಾಗಿ ಬರುವುದು, ನಕಲು ಅರ್ಜಿಯನ್ನು ಸುಮ್ಮನೆ ಕೊಳೆಹಾಕುವುದು, ಇಂಥದ್ದಕ್ಕೆ ಅದೇ 1957ರ ನಿಯಮಗಳ 12ನೇ ನಿಯಮದ ನೋಟಿಸು, ಉತ್ತರ, ವಾಗ್ದಂಡನೆ ಸಾಕು. ಆದರೆ ಆ ದಾರಿಯಲ್ಲಿ ಹೋಗಿ ‘ಸಂಚಿತ ಪರಿಣಾಮದೊಂದಿಗೆ’, ಅಂದರೆ ಮುಂದಿನ ಸಂಬಳಕ್ಕೂ ಶಾಶ್ವತವಾಗಿ ಹೊಡೆತ ಬೀಳುವಂತೆ, ವೇತನ ಬಡ್ತಿ ತಡೆದರೆ ಸಿಕ್ಕಿಬೀಳುತ್ತೀರಿ. ಅದು ಕಠಿಣ ದಂಡನೆ, ಪೂರ್ಣ ವಿಚಾರಣೆ ಇಲ್ಲದೆ ಆಗದು ಎಂದು ಕುಲವಂತ್ ಸಿಂಗ್ ಗಿಲ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಸೇವಾ ಪುಸ್ತಕದಲ್ಲಿ ನಿವೃತ್ತಿಯ ದಿನಾಂಕವನ್ನೂ ಮೊದಲ ದಿನವೇ ನೋಡಿಕೊಳ್ಳಿ. ಸೇವೆಯಲ್ಲಿದ್ದಾಗ ಶುರುವಾದ ವಿಚಾರಣೆ ನಿವೃತ್ತಿಯ ನಂತರವೂ ನಡೆಯುತ್ತದೆ. ಶುರುವಾಗಿರದಿದ್ದರೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮ ಅಡ್ಡ ಬರುತ್ತದೆ: ಸರ್ಕಾರದ ಮಂಜೂರಾತಿ ಬೇಕು, ಮತ್ತು ಘಟನೆ ನಡೆದು ನಾಲ್ಕು ವರ್ಷ ದಾಟಿದ್ದರೆ ದೋಷಾರೋಪಣೆ ಪಟ್ಟಿ ಕೊಡುವುದಕ್ಕೇ ಬರುವುದಿಲ್ಲ.