ಬಿಲ್ಲಿನ ಬೆನ್ನಿಗೆ ಬರೆಸಿದ ಒಂದು ಸಾಲು

ಆಷಾಢದ ಸೇಲ್‌ನಲ್ಲಿ ಕೊಂಡ ಸೀರೆಯ ಹಣ ಪೂರ್ತಿ ನನ್ನ ಖಾತೆಗೆ ಮರಳಿದೆ. ಅದೇ ಅಂಗಡಿಯಲ್ಲಿ ಮಾತ್ರ ನಡೆಯುವ ಕ್ರೆಡಿಟ್ ನೋಟ್ ಅಲ್ಲ, ಹಣವೇ. 2,840 ರೂಪಾಯಿ. ವಕೀಲರಾದ ನಮ್ಮ ಭಾವ "ಸೇಲ್ ಸೀರೆಗೆಲ್ಲ ಯಾರಮ್ಮ ದುಡ್ಡು ವಾಪಸ್ ಕೊಡುತ್ತಾರೆ, ಬಿಟ್ಟುಬಿಡು" ಎಂದಿದ್ದರು. ಬ್ಯಾಂಕಿನ ಸಂದೇಶವನ್ನು ಮೊದಲು ಅವರಿಗೇ ಕಳುಹಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು, ಅಷ್ಟೆ.

ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಐದಾರು ವರ್ಷದ ಹಿಂದೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸುಮಾರು 3,200 ರೂಪಾಯಿಗೆ ಒಂದು ಸೀರೆ ಕೊಂಡೆ. ತುಮಕೂರಿಗೆ ಬಂದು ಬೀರು ತೆಗೆದರೆ ಅದೇ ಇಟ್ಟಿಗೆ ಬಣ್ಣದ್ದು ಇನ್ನೊಂದು ಕುಳಿತಿದೆ, ಅಂಚು ಮಾತ್ರ ಬೇರೆ. ಮರುದಿನವೇ ರೈಲು ಹತ್ತಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದವನು ಗೋಡೆಯ ಮೇಲಿನ "ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಫಲಕ ತೋರಿಸಿದ. ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದು ಹತ್ತು ಜನರ ಮುಂದೆ ಗಂಟಲು ಹರಿದುಕೊಂಡೆ. "ಹೋಗಿ ಮೇಡಂ" ಎಂದು ತಣ್ಣಗೆ ಹೇಳಿ ಮುಂದಿನ ಬಿಲ್ ಹರಿದ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ: ಮನಸ್ಸು ಬದಲಾಯಿಸಿದವರ ಸೀರೆಯನ್ನು ಹಿಂದಕ್ಕೆ ಪಡೆಯಲೇಬೇಕು ಎಂದು ಯಾವ ಕಾಯ್ದೆಯೂ ಅಂಗಡಿಯವನನ್ನು ಕಟ್ಟಿಹಾಕಿಲ್ಲ. ಸೇಲ್ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಎರಡನೆಯದು ಬೆಡ್‌ಶೀಟ್. ಎರಡಕ್ಕೆ 1,900. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಸಿಟ್ಟಿನಲ್ಲಿ ಎಲ್ಲವನ್ನೂ ತುಂಬಿದೆ: ಮಂಚಕ್ಕೆ ಉದ್ದ ಸಾಲದು, ಬಣ್ಣ ಮಂಕು, ಹೊಲಿಗೆ ಬಿಟ್ಟಿದೆ. ಹೊಲಿಗೆ ನಿಜವಾಗಿಯೂ ಬಿಟ್ಟಿತ್ತು. ಆದರೆ ಅಂಗಡಿಯವರು ಜಾಣತನದಿಂದ ಬಣ್ಣದ ಮಾತನ್ನು ಮಾತ್ರ ಹಿಡಿದುಕೊಂಡು "ಗ್ರಾಹಕರಿಗೆ ಬಣ್ಣ ಹಿಡಿಸಿಲ್ಲ" ಎಂದು ಉತ್ತರಿಸಿದರು. ದೂರು ಅಲ್ಲಿಗೇ ಮುಚ್ಚಿಹೋಯಿತು. ಸಹಾಯವಾಣಿ ಎರಡೂ ಕಡೆಯವರನ್ನು ಮಾತಿಗೆ ಕೂರಿಸುತ್ತದೆಯೇ ಹೊರತು ಆದೇಶ ಮಾಡುವುದಿಲ್ಲ. ಆ ಶೀಟುಗಳಲ್ಲಿ ಒಂದು ಈಗ ಹೊಲಿಗೆ ಯಂತ್ರದ ಮುಸುಕು.

ಮೂರನೆಯದನ್ನು ಹೇಳಿಕೊಳ್ಳಲೂ ನಾಚಿಕೆ. 1,150 ರೂಪಾಯಿಯ ಕ್ರೆಡಿಟ್ ನೋಟ್ ಹಿಡಿದು ಗೆದ್ದೆನೆಂದು ಬೀಗಿದ್ದೆ. ಅವಧಿ 45 ದಿನ. ನಲವತ್ತನೆಯ ದಿನವೋ ಏನೋ ಹೋದರೆ ಮತ್ತೆ ಸೇಲ್ ನಡೆಯುತ್ತಿದೆ, ನೋಟಿನ ಕೆಳಗೆ ಎಳ್ಳುಕಾಳಿನಷ್ಟು ಅಕ್ಷರದಲ್ಲಿ "ರಿಯಾಯಿತಿ ಸರಕಿಗೆ ಅನ್ವಯಿಸುವುದಿಲ್ಲ" ಎಂದಿದೆ.

ಇಷ್ಟಾದ ಮೇಲೆ ಕಾಯ್ದೆಯನ್ನೇ ತೆಗೆದು ಓದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ನಮಗೆ ಬೇಕಾದದ್ದು ಸೆಕ್ಷನ್ 2(47). ದೋಷವಿರುವ ಸರಕನ್ನು ಹಿಂದಕ್ಕೆ ಪಡೆದು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಣ ಹಿಂದಿರುಗಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಸೇಲ್ ಸರಕಿಗೆ ಅಲ್ಲಿ ವಿನಾಯಿತಿಯೇ ಇಲ್ಲ. ಗೋಡೆಯ ಫಲಕ ಎಷ್ಟು ದೊಡ್ಡದಿದ್ದರೂ ಇದು ಅಳಿಸಿಹೋಗುವುದಿಲ್ಲ. ಹರಿದಿರುವ ಜಾಗವನ್ನು ತೋರಿಸಿಯೇ "ಸೆಕೆಂಡ್ಸ್" ಎಂದು ಮಾರಿದ್ದರೆ ಮಾತ್ರ ನಾನು ಅದೇ ದೋಷಕ್ಕೆ ಜಗಳ ತೆಗೆಯುವುದಿಲ್ಲ. ಅದು ನ್ಯಾಯವೂ ಅಲ್ಲ.

ಅಂದಿನಿಂದ ಬೇಡವಾದದ್ದು ಬೇರೆ, ಕೆಟ್ಟದ್ದು ಬೇರೆ ಎಂದು ಎರಡು ಗಂಟು ಕಟ್ಟಿಟ್ಟಿದ್ದೇನೆ. ಒಂದರ ಮಾತು ಇನ್ನೊಂದಕ್ಕೆ ತಾಗಬಾರದು.

ಬೇಡವಾದದ್ದಕ್ಕೆ ಹಕ್ಕಿಲ್ಲ, ಆದ್ದರಿಂದ ಹಕ್ಕನ್ನು ಹಣ ಕೊಡುವ ಮೊದಲೇ ಕೊಂಡುಕೊಳ್ಳಬೇಕು. ದುಡ್ಡು ನನ್ನ ಕೈಯಲ್ಲಿರುವಷ್ಟು ಹೊತ್ತು ಮಾತೂ ನನ್ನದೇ. ಬಿಲ್ಲಿನ ಬೆನ್ನಿಗೆ "7 ದಿನದೊಳಗೆ ಬಿಲ್ ಸಮೇತ ತಂದರೆ ಹಣ ವಾಪಸ್" ಎಂದು ಅವರ ಕೈಯಲ್ಲೇ ಬರೆಸಿ, ತಾರೀಖು, ಸಹಿ, ಅಂಗಡಿಯ ಮುದ್ರೆ ಹಾಕಿಸುತ್ತೇನೆ. "ಬದಲಾಯಿಸಿಕೊಡಲಾಗುವುದು" ಎಂದು ಬರೆಯಲು ಹೊರಟರೆ ಪೆನ್ನು ತಡೆಯುತ್ತೇನೆ. ಹತ್ತು ಅಂಗಡಿಯಲ್ಲಿ ನಾಲ್ಕು ಬರೆದುಕೊಡುತ್ತವೆ, ಮೂರು ಕ್ರೆಡಿಟ್ ನೋಟಿಗೆ ಇಳಿಯುತ್ತವೆ, ಉಳಿದವರು ನಗುತ್ತಾರೆ. ಆ ನಾಲ್ಕನ್ನು ಒಪ್ಪಿಸಲು ಯಾವ ಮಾತಿನಿಂದ ಆರಂಭಿಸುತ್ತೇನೆ ಎಂಬುದನ್ನು ಹೇಳುವುದಿಲ್ಲ, ಅಂಗಡಿಯವರೂ ಕನ್ನಡ ಓದುತ್ತಾರೆ. ಹೀಗೆ ಬರೆಸಿಕೊಂಡ ನಾಲ್ಕು ಬಟ್ಟೆಗಳಲ್ಲಿ ಎರಡನ್ನು ಐದು ದಿನದೊಳಗೆ ಹಿಂದಿರುಗಿಸಿದೆ. ಕೈಗೆ ಬಂದದ್ದು ಸುಮಾರು 2,300. ಒಬ್ಬ "ಬರೆದವರು ಕೆಲಸ ಬಿಟ್ಟಿದ್ದಾರೆ" ಎಂದ. ಮುದ್ರೆ ಬಿಟ್ಟಿಲ್ಲವಲ್ಲ ಎಂದೆ.

ಚೀಟಿ ಕೀಳಬಾರದು, ಫಾಲ್ ಹಾಕಿಸಬಾರದು, ರವಿಕೆ ಕಣ ಕತ್ತರಿಸಬಾರದು. ಇದು ನಿಮಗೆಲ್ಲ ಗೊತ್ತಿರುವುದೇ.

ಬಿಲ್ಲಿನ ವಿಷಯ ಬಂತು, ಹೇಳಿಬಿಡುತ್ತೇನೆ. ಆ ನುಣುಪು ಕಾಗದದ ಬಿಲ್ ಕೆಲವೇ ತಿಂಗಳಲ್ಲಿ ಮಾಸಿ ಬಿಳಿಯಾಗುತ್ತದೆ. ಬುದ್ಧಿವಂತಿಕೆ ಮಾಡಿ ಒಂದನ್ನು ಲ್ಯಾಮಿನೇಷನ್‌ಗೆ ಕೊಟ್ಟೆ. ಯಂತ್ರದ ಒಂದು ಬದಿಯಿಂದ ಬಿಲ್ ಹೋಯಿತು, ಇನ್ನೊಂದು ಬದಿಯಿಂದ ಕಪ್ಪು ಹಲಗೆ ಬಂತು. ಬಿಸಿ ತಾಗಿದರೆ ಆ ಕಾಗದ ಪೂರ್ತಿ ಕಪ್ಪಾಗುತ್ತದೆ. ಅಂಗಡಿ ಹುಡುಗ ಇಪ್ಪತ್ತು ರೂಪಾಯಿಯನ್ನೂ ಬಿಡಲಿಲ್ಲ. ಈಗ ಮನೆ ಸೇರುವ ಮೊದಲೇ ಎರಡೂ ಬದಿ ಜೆರಾಕ್ಸ್, ಜೊತೆಗೆ ಮೊಬೈಲಿನಲ್ಲಿ ಒಂದು ಚಿತ್ರ.

ಇನ್ನೊಂದು ಸಣ್ಣ ಪ್ರಯೋಗ. ಎಂಆರ್‌ಪಿ 1,600ರ ಅಂಗಿಗೆ ಅರ್ಧ ಬೆಲೆ ಎಂದು ಬರೆದು, ಬಿಲ್ಲಿನಲ್ಲಿ 800ರ ಮೇಲೆ ತೆರಿಗೆ ಸೇರಿಸಿದ್ದರು. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ರಿಯಾಯಿತಿ ಬೆಲೆಯ ಮೇಲೆ ಮತ್ತೆ ತೆರಿಗೆ ಹಾಕುವುದು ತಪ್ಪೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ, ಜಿಎಸ್‌ಟಿಗೆ ಮುಂಚಿನ ವ್ಯಾಟ್ ತೆರಿಗೆಯ ಕಾಲದ ಪ್ರಕರಣವೊಂದರಲ್ಲಿ ಹೇಳಿದೆ. ಅಷ್ಟು ಹೇಳಿದ್ದಕ್ಕೆ ನಲವತ್ತು ರೂಪಾಯಿ ಎಣಿಸಿಕೊಟ್ಟರು. ಅರ್ಧ ಗಂಟೆ ಹಾಳಾಯಿತು, ಆದರೂ ಆ ನಲವತ್ತರ ಕಾಫಿ ಬಲು ರುಚಿಯಾಗಿತ್ತು.

ಇನ್ನು ಆ 2,840ರ ಸೀರೆ. ಅದನ್ನು ಕೊಂಡ ಅಂಗಡಿ ನಕ್ಕವರ ಸಾಲಿನದು, ಏನನ್ನೂ ಬರೆದುಕೊಟ್ಟಿರಲಿಲ್ಲ. ನಾಲ್ಕನೆಯ ದಿನ ಕಿಟಕಿಯ ಬೆಳಕಿಗೆ ಬಿಚ್ಚಿ ಹಿಡಿದಾಗ ಸೆರಗಿನಿಂದ ಎರಡು ಗೇಣು ಒಳಗೆ ಹೊಕ್ಕಿನ ಎಳೆಗಳು ತಪ್ಪಿ, ಬೆರಳಗಲದ ಜಾಲರಿ ಬಿದ್ದಿರುವುದು ಕಂಡಿತು. ಮಗನ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು, ಬೆಲೆಚೀಟಿಯೂ ಕಾಣುವಂತೆ ಚಿತ್ರ ತೆಗೆದೆ. ಅಂಗಡಿಗೆ ಹೋದರೆ "ಈ ಬೆಲೆಗೆ ಇನ್ನೇನು ಮೇಡಂ" ಎಂದು ಕ್ರೆಡಿಟ್ ನೋಟ್ ಚಾಚಿದರು. ಈ ಸಲ ದನಿ ಎತ್ತಲಿಲ್ಲ, ನೋಟನ್ನೂ ಮುಟ್ಟಲಿಲ್ಲ. ಮನೆಗೆ ಬಂದು ಆರು ಸಾಲಿನ ಪತ್ರ ಬರೆದೆ. ಬಣ್ಣದ ಮಾತಿಲ್ಲ, ಬೇಸರದ ಮಾತಿಲ್ಲ. ಕೊಂಡ ದಿನ, ಬಿಲ್ ಸಂಖ್ಯೆ, ದೋಷ ಎಲ್ಲಿದೆ, ಎಷ್ಟು ಉದ್ದ, ಸೆಕ್ಷನ್ 2(47), 30 ದಿನ ಯಾವತ್ತಿಗೆ ಮುಗಿಯುತ್ತದೆ. ಕೊನೆಗೆ, ದೂರನ್ನು ನಾನು ವಾಸಿಸುವ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಸಲ್ಲಿಸುತ್ತೇನೆ ಎಂದು. ಹೊಸ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಭಾವನವರಿಗೆ ಬೇಸರವಾದದ್ದು ಬಹುಶಃ ಇದಕ್ಕೇ.

ಪತ್ರವನ್ನು ಯಾರ ಹೆಸರಿಗೆ ಕಳುಹಿಸಿದೆ ಎಂಬುದೂ ಒಂದು ಗುಟ್ಟು. ಅಂಗಡಿಯ ಹೆಸರಿಗಂತೂ ಅಲ್ಲ. ಅಂಚೆ, ಜೆರಾಕ್ಸ್, ರೈಲು ಎಲ್ಲ ಸೇರಿ ಖರ್ಚು 250ರ ಆಸುಪಾಸು. ಹನ್ನೆರಡನೆಯ ದಿನ ಫೋನ್ ಬಂತು. ಸೀರೆ ತಲುಪಿದ ಸಂಜೆಯೇ ಹಣವೂ ಬಂತು.

ಈಗ ಕೈಯಲ್ಲಿರುವುದು ಒಂದು ಜೊತೆ ಚಪ್ಪಲಿ, ಅದೂ ಸೇಲ್‌ನದು, 1,400. ಹತ್ತೊಂಬತ್ತನೆಯ ದಿನ ಅಟ್ಟೆ ಬಾಯಿ ಬಿಟ್ಟಿತು. ಕಳೆದ ಸೋಮವಾರ ಪತ್ರ ಹೋಗಿದೆ, ತಲುಪಿದ ರಸೀದಿ ಬಂದಿದೆ, ಉತ್ತರ ಬಂದಿಲ್ಲ. ಬೀದಿ ತುದಿಯಲ್ಲಿ ಚಪ್ಪಲಿ ಹೊಲಿಯುವವರು ಅರವತ್ತು ರೂಪಾಯಿಗೆ ಅಂಟಿಸಿಕೊಡುತ್ತೇನೆ ಎಂದರು. ಅಂಟಿಸಿದರೆ ಸಾಕ್ಷಿಯೇ ಹೋಗುತ್ತದೆ, ಬೇಡ ಎಂದೆ. ಹಳೆಯ ಚಪ್ಪಲಿಯಲ್ಲೇ ಓಡಾಡುತ್ತಿದ್ದೇನೆ.