ಹಿಮದ ನಾಡಿನ ಜಮೀನು: ಏಪ್ರಿಲ್‌ನಲ್ಲಿ ನೋಡಿ, ಆಮೇಲೆ ಕೊಳ್ಳಿ

ಅಮೆರಿಕದ ಮೇನ್ ರಾಜ್ಯದ ಉತ್ತರ ತುದಿಯಲ್ಲಿ ಅರೂಸ್ಟೂಕ್ ಕೌಂಟಿ ಇದೆ. ಕೆನಡಾ ಗಡಿಯ ಆಲೂಗಡ್ಡೆ ಸೀಮೆ. ಕೊಯ್ಲಿನ ಕಾಲಕ್ಕೆ ಕೆಲವು ಶಾಲೆಗಳಿಗೂ ರಜೆ ಕೊಡುವ ಹಳೆಯ ವಾಡಿಕೆ ಅಲ್ಲಿಯದು. ಬಾಸ್ಟನ್ ಕಡೆಗೆ ಹೋಲಿಸಿದರೆ ಜಮೀನು ತುಂಬಾ ಅಗ್ಗ. ಬೇಕಾದ್ದನ್ನೆಲ್ಲ ತಾವೇ ಬೆಳೆದುಕೊಂಡು ಬದುಕುವ ಆಸೆಯಿದ್ದವರ ಕಣ್ಣು ಅಲ್ಲಿಗೆ ಹೋಗುವುದು ಸಹಜ. ಆದರೆ ಜುಲೈನ ಹಸಿರು ನೋಡಿ ಮುಂಗಡ ಕೊಡಬೇಡಿ. ಏಪ್ರಿಲ್‌ನಲ್ಲಿ ಹೋಗಿ.

ಮೊದಲು ರಸ್ತೆ ನೋಡಿ. ಹಿಮ ಕರಗಿ ಮಣ್ಣುರಸ್ತೆಗಳೆಲ್ಲ ಕೆಸರಾಗಿರುತ್ತವೆ. ಎಷ್ಟೋ ರಸ್ತೆಗಳಿಗೆ ಆಗ ಭಾರಿ ಲಾರಿಗಳನ್ನು ಬಿಡುವುದಿಲ್ಲ. ಚಳಿಗಾಲದಲ್ಲಿ ಹಿಮ ತೆಗೆಯುವವರು ಯಾರು ಅಂತ ಟೌನ್ ಆಫೀಸಿನಲ್ಲೇ ಕೇಳಿ. ಖಾಸಗಿ ರಸ್ತೆಯಾದರೆ ಸಾಮಾನ್ಯವಾಗಿ ಆ ಕೆಲಸ ನಿಮ್ಮದೇ.

ಆಮೇಲೆ ಜಮೀನಿನೊಳಗೆ ನಡೆಯಿರಿ. ಹಿಮ ಎಲ್ಲಿ ಮೊದಲು ಕರಗಿದೆ? ದಕ್ಷಿಣಕ್ಕೆ ಇಳಿಜಾರಾದ ಕಡೆ ಹುಲ್ಲು ಕಾಣುತ್ತಿರುತ್ತದೆ, ಉತ್ತರದ ಮಗ್ಗುಲಲ್ಲಿ ಹಿಮ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಏರುವುದು ಸುಮಾರು 20 ಡಿಗ್ರಿ ಅಷ್ಟೇ. ಹಾಗಾಗಿ ಮನೆ, ತೋಟ ಎರಡಕ್ಕೂ ಹಿಮ ಬೇಗ ಕರಗಿದ ಜಾಗವೇ ಬೇಕು. ತಗ್ಗು ಮಾತ್ರ ಬೇಡ. ರಾತ್ರಿಯ ತಣ್ಣನೆ ಗಾಳಿ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲಿನ ಪಾತಿಯಲ್ಲಿ ಚೆನ್ನಾಗಿರುವ ಬೀನ್ಸ್ ಬಳ್ಳಿ ತಗ್ಗಿನಲ್ಲಿ ಬೆಳಗಾಗುವಷ್ಟರಲ್ಲಿ ಕಪ್ಪಾಗಿರುತ್ತದೆ. ಈ ಕೌಂಟಿಯ ಕ್ಯಾರಿಬೂ ಪಟ್ಟಣದ ಸುತ್ತ ಇಬ್ಬನಿ ಹೆಪ್ಪುಗಟ್ಟದ ದಿನಗಳು ವರ್ಷಕ್ಕೆ ಸುಮಾರು 120 ಮಾತ್ರ. ಆಲೂಗಡ್ಡೆ, ಕೋಸು, ಬೀಟ್‌ರೂಟ್, ಓಟ್ಸ್‌ಗೆ ಅಷ್ಟು ಸಾಕು. ಟೊಮೆಟೊ ಬೇಕಾದರೆ ಸಸಿಯನ್ನು ಮನೆಯೊಳಗೇ ಎಬ್ಬಿಸಬೇಕು.

ನೆಲ ಸಡಿಲವಾದ ಕಡೆ ಎರಡಡಿ ಅಗೆಯಿರಿ. ಬೂದು ಮಣ್ಣಿನಲ್ಲಿ ತುಕ್ಕಿನ ಬಣ್ಣದ ಕಲೆಗಳಿದ್ದರೆ ಅಲ್ಲಿ ನೀರು ನಿಲ್ಲುತ್ತದೆ ಅಂತ ಅರ್ಥ. ಅದು ಬೆಳೆಗೂ ಒಳ್ಳೆಯದಲ್ಲ, ಸೆಪ್ಟಿಕ್ ಗುಂಡಿಗೂ ಆಗದು. ಬೋರ್‌ವೆಲ್ ಇದ್ದರೆ ನೀರನ್ನು ಪರೀಕ್ಷೆ ಮಾಡಿಸಿ. ಮೇನ್‌ನ ಬಂಡೆಯೊಳಗಿನ ನೀರಿನಲ್ಲಿ ಹಲವೆಡೆ ಆರ್ಸೆನಿಕ್ ಎಂಬ ವಿಷ ಸಿಕ್ಕಿದೆ. ಪೈಪು ಐದಾರು ಅಡಿ ಆಳದಲ್ಲಿದೆಯೇ ಅಂತಲೂ ಕೇಳಿ. ಮೇಲೇ ಹಾಕಿದ್ದರೆ ಜನವರಿಯಲ್ಲಿ ಹೆಪ್ಪುಗಟ್ಟುತ್ತದೆ.

ನನ್ನ ಪ್ರಕಾರ ಜನ ಎಲ್ಲಕ್ಕಿಂತ ಕಡಿಮೆ ಲೆಕ್ಕ ಹಾಕುವುದು ಸೌದೆಯನ್ನು. ಅಲ್ಲಿ ಸೌದೆಯ ಅಳತೆ ಕಾರ್ಡ್. 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ರಾಶಿ. ಸಾಧಾರಣ ಮನೆಗೆ ಒಂದು ಚಳಿಗಾಲಕ್ಕೆ ಆರೇಳು ಕಾರ್ಡ್ ಬೇಕಾಗಬಹುದು. ಕಾಡು ಕರಗದಂತೆ ಎಕರೆಗೆ ವರ್ಷಕ್ಕೆ ಅರ್ಧ ಕಾರ್ಡ್ ಕಡಿಯಬಹುದು ಅನ್ನುವುದು ಅಲ್ಲಿನ ರೂಢಿಯ ಲೆಕ್ಕ. ಅಂದರೆ ಸೌದೆಗೇ 12 ರಿಂದ 14 ಎಕರೆ! ಮರ ಯಾವುದು ಅನ್ನುವುದೂ ಮುಖ್ಯ. ಮೇಪಲ್, ಬೀಚ್ ಚೆನ್ನಾಗಿ ಉರಿಯುತ್ತವೆ, ಪಾಪ್ಲರ್ ಸುಮ್ನೆ ಬೇಗ ಉರಿದುಹೋಗುತ್ತದೆ. ಕಡಿದ ಸೌದೆ ಒಣಗಲು ಒಂದು ವರ್ಷ ಬೇಕು. ಹಾಗಾಗಿ ಮೊದಲ ಚಳಿಗಾಲದ್ದನ್ನು ಕೊಳ್ಳಲೇಬೇಕು.

ಹಸು ಸಾಕುವುದಾದರೆ ಹೊರಗೆ ಮೇಯಲು ಹುಲ್ಲಿಲ್ಲದ ಆರೇಳು ತಿಂಗಳಿಗೆ ಒಂದಕ್ಕೆ ಎರಡು ಟನ್‌ಗೂ ಜಾಸ್ತಿ ಒಣಹುಲ್ಲು ಬೇಕು.

ಕೊನೆಗೆ ಅಕ್ಕಪಕ್ಕದವರನ್ನು ಮಾತಾಡಿಸಿ. ಹೋದ ಚಳಿಗಾಲ ಎಷ್ಟು ಸೌದೆ ಉರಿಸಿದರು, ಕರೆಂಟ್ ಎಷ್ಟು ದಿನ ಹೋಗಿತ್ತು ಕೇಳಿ. ಅನುಕೂಲವಿದ್ದರೆ ಕೊಳ್ಳುವ ಮೊದಲು ಒಂದು ಚಳಿಗಾಲ ಅದೇ ಊರಲ್ಲಿ ಬಾಡಿಗೆಗಿರಿ.